ಈರಪ್ಪನನ್ನು ಮದುವೆಗೆ ಕರೆದದ್ದು

ಮ್ಯೂಸಿಯಂ ಅಂದರೆ ನನಗೆ ಮೊದಲಿನಿಂದಲೂ ಕಾಲುನೋವು. ಒಡೆದ ಮಡಕೆ, ತುಕ್ಕು ಹಿಡಿದ ಕತ್ತಿ, ಮೂಗು ಹೋದ ವಿಗ್ರಹ ಇವುಗಳ ಮುಂದೆ ಕೈಕಟ್ಟಿ ನಿಂತು ‘ಓಹೋ’ ಅನ್ನುವ ತಾಳ್ಮೆ ನನ್ನದಲ್ಲ. ಕಳೆದ ಆಷಾಢದಲ್ಲಿ ತುಮಕೂರಿನಿಂದ ಗುಂಡ್ಲುಪೇಟೆಗೆ, ಸೋದರತ್ತೆಯ ಮನೆಗೆ ಹೊರಟಾಗಲೂ ನನ್ನ ತಲೆಯಲ್ಲಿದ್ದದ್ದು ಗೋಪಾಲಸ್ವಾಮಿ ಬೆಟ್ಟ, ಅದರ ಮೇಲಿನ ಮಂಜು, ಅದೃಷ್ಟವಿದ್ದರೆ ಬಸ್ಸಿನ ಕಿಟಕಿಯಿಂದ ಒಂದು ಆನೆ. ರಾತ್ರಿ ಊಟಕ್ಕೆ ಕೂತಾಗ ಅತ್ತೆ ಅದಕ್ಕೆಲ್ಲ ತಣ್ಣೀರೆರಚಿದರು.

“ಬೆಟ್ಟ ಎಲ್ಲಿಗೂ ಎದ್ದೋಗಕಿಲ್ಲ ಕಣ್ಲಾ. ನಾಳೀಕೆ ಚಾಮರಾಜನಗರಕ್ಕೋಗನ. ಈರಪ್ಪನ್ನ ಮದ್ವೆಗೆ ಕರ್ದು ಬಂದ್ಬುಡನ.”

ಈರಪ್ಪ ಅಂದರೆ ಮನುಷ್ಯನಲ್ಲ, ಕಲ್ಲು. ಅತ್ತೆಯ ಗಂಡನ ಮನೆತನದ ಹೊಲ ಇರುವುದು ಚಂದಕವಾಡಿ ಕಡೆ. ಆ ಹೊಲದ ಬದುವಿನ ಮೇಲೆ ತಲೆತಲಾಂತರದಿಂದ ನಿಂತಿದ್ದ ಕಲ್ಲನ್ನು ಅವರು ಹಿರೀಕ ವೀರ ಎಂದು ನಂಬಿಕೊಂಡು ಬಂದಿದ್ದರು. ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ, ವಿಭೂತಿ ಬಳಿದು, ಪಂಚೆ ಉಡಿಸಿ, ಒಂದು ಕಟ್ಟು ಬೀಡಿ ಇಟ್ಟು ಬರುವುದು. ಪೂಜೆ ಗಂಡಸರದು. ಹೆಂಗಸರು ಬದುವಿನ ಕೆಳಗೇ ನಿಂತು ಕೈಮುಗಿಯಬೇಕು. ಕಾಲುವೆ ತೋಡುವಾಗ ಕಲ್ಲು ಅಡ್ಡ ಬಂತು ಅಂತ ಅದನ್ನು ಎತ್ತಿ ಚಾಮರಾಜನಗರದ ಪುಟ್ಟ ಮ್ಯೂಸಿಯಮ್ಮಿನ ಅಂಗಳದಲ್ಲಿ ನಿಲ್ಲಿಸಿದರು. ಆಮೇಲೆ ಮನೆಯವರು ಖಾಲಿ ಜಾಗದಲ್ಲಿ ಒಂದು ಇಟ್ಟಿಗೆ ಇಟ್ಟು ವರ್ಷದ ಪೂಜೆಯನ್ನು ಹೇಗೋ ಸಾಗಿಸಿದ್ದರು.

ಆದರೆ ಮದುವೆಗೆ ಇಟ್ಟಿಗೆ ನಡೆಯುವುದಿಲ್ಲ. ಮೊದಲ ಲಗ್ನಪತ್ರಿಕೆ ಈರಪ್ಪನಿಗೆ, ಅದೂ ಮನೆಯ ಗಂಡಸಿನ ಕೈಯಿಂದ. ಅಲ್ಲಿಯವರೆಗೆ ಇನ್ನೊಬ್ಬರಿಗೆ ಪತ್ರಿಕೆ ಕೊಡುವ ಹಾಗಿಲ್ಲ. ಶ್ರಾವಣದಲ್ಲಿ ಅತ್ತೆಯ ಒಬ್ಬಳೇ ಮಗಳ ಮದುವೆ. ಮಾವ ತೀರಿಕೊಂಡಿದ್ದಾರೆ, ಅವರಿಗೆ ಅಣ್ಣತಮ್ಮಂದಿರೂ ಇಲ್ಲ. ಧಾರೆಗೆ ನನ್ನ ಅಪ್ಪ ಅಮ್ಮ ನಿಲ್ಲುವುದೆಂದು ತೀರ್ಮಾನವಾಗಿತ್ತು, ಈರಪ್ಪನನ್ನು ಕರೆಯುವುದಕ್ಕೆ ನಾನು. ಯಾರೋ ನೆಂಟರು “ಗಂಡಸಿಲ್ಲದ ಮನೆ ಮದ್ವೆ, ಎಂಗಾಯ್ತದೋ” ಅಂದಿದ್ದರಂತೆ. ಮಗಳನ್ನು ಓದಿಸಿದವರು, ಹುಡುಗನನ್ನು ಹುಡುಕಿದವರು, ಛತ್ರ ಹಿಡಿದವರು ಎಲ್ಲ ಅತ್ತೆಯೇ. ಆದರೂ ಪ್ರತಿ ಶಾಸ್ತ್ರಕ್ಕೂ ಅವರು ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಆ ಮಾತು ಹೇಳುವಾಗ ಅತ್ತೆ ನಕ್ಕರು, ನನಗೆ ನಗು ಬರಲಿಲ್ಲ.

ಮರುದಿನ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿದೆವು. ರಸ್ತೆ ಬದಿಗೆ ಹಳದಿ ಚೆಂಡುಹೂವಿನ ಹೊಲ. ಕೇರಳದ ಕಾರುಗಳು ಅಲ್ಲಲ್ಲಿ ನಿಂತು, ಹೂವಿನ ನಡುವೆ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಹೊಲದವನು ಬದುವಿನ ಮೇಲೆ ನಿಂತು ತನಗೆ ಬಂದಷ್ಟು ಮಲಯಾಳದಲ್ಲಿ ಅವರನ್ನು ಗದರುತ್ತಿದ್ದ. ಚಾಮರಾಜನಗರದಲ್ಲಿ ಇಳಿದ ಕೂಡಲೇ ಅತ್ತೆ ಬಳೆ ಅಂಗಡಿಗೆ ನುಗ್ಗಿ, ಮದುಮಗಳಿಗೆಂದು ಹಸಿರು ಗಾಜಿನ ಬಳೆ ಚೌಕಾಸಿ ಮಾಡಿ ಕೊಂಡರು. ಆಮೇಲೆ ಮ್ಯೂಸಿಯಂ.

ಬಾಗಿಲಲ್ಲಿದ್ದ ಕಾವಲಿನ ಸಾಬರು ಫೋನಿನಲ್ಲಿ ಮನೆಯವರ ಜೊತೆ ಉರ್ದುವಿನಲ್ಲಿ ಅಡುಗೆಯ ವಿಚಾರ ಮಾತಾಡುತ್ತಿದ್ದರು. ಅತ್ತೆಯ ಚೀಲದಿಂದ ತಟ್ಟೆ, ಪಂಚೆ, ತೆಂಗಿನಕಾಯಿ, ಎಣ್ಣೆಬಾಟಲಿ ಒಂದೊಂದಾಗಿ ಹೊರಬರುವುದು ಕಂಡು ಫೋನು ಇಟ್ಟರು.

“ಅಮ್ಮಾ, ಇದು ದೇವಸ್ಥಾನ ಅಲ್ಲಮ್ಮ. ಎಣ್ಣೆ ಅಚ್ಚಂಗಿಲ್ಲ, ಕಾಯಿ ಒಡೆಯಂಗಿಲ್ಲ.”

“ಪೂಜೆ ಯಾರ್ ಮಾಡಾರು ಸಾಬ್ರೆ? ನಮ್ಮನೇರ್ನ ಮದ್ವೆಗೆ ಕರೆಯಕ್ ಬಂದಿವ್ನಿ. ನಮ್ ಹಿರೀಕ್ರು ನಿಮ್ತಾವ ಅವ್ರೆ.”

ವಿಷಯ ತಿಳಿದ ಮೇಲೆ ಸಾಬರು ಗೋಡೆಯ ಮೇಲಿನ ನಿಯಮಗಳ ಬೋರ್ಡಿನತ್ತ ತಿರುಗಿ ನೋಡಿದರು. “ಕರೆಯೋದು ಬೇಡ ಅಂತ ಬೋರ್ಡಲ್ಲಿ ಬರೆದಿಲ್ಲ. ಕರೀರಿ. ಕಲ್ಲಿಗೆ ಏನೂ ತಾಗಿಸ್ಬೇಡಿ” ಅಂದವರು, ಬೀಡಿಕಟ್ಟನ್ನು ಮಾತ್ರ ಎತ್ತಿ ತಮ್ಮ ಮೇಜಿನ ಮೇಲಿಟ್ಟುಕೊಂಡರು. ಅಂಗಳದಲ್ಲಿ ಧೂಮಪಾನ ನಿಷೇಧವಂತೆ.

ಅಂಗಳದಲ್ಲಿ ಸಾಲಾಗಿ ಕಲ್ಲುಗಳು ನಿಂತಿದ್ದವು. ಅತ್ತೆ ಆ ತುದಿಯಿಂದ ಈ ತುದಿಗೆ ನಡೆದು, ತಿರುಗಿ ಮತ್ತೆ ಆ ತುದಿಗೆ ನಡೆದರು. ಅವರಿಗೆ ಗುರುತೇ ಸಿಗಲಿಲ್ಲ. ಅವರು ಕಂಡಿದ್ದ ಈರಪ್ಪ ಎಣ್ಣೆಜಿಡ್ಡಿನಲ್ಲಿ ಕರ್ರಗಾಗಿ, ಪಂಚೆ ಸುತ್ತಿಕೊಂಡು, ಹೂವಿನಲ್ಲಿ ಮುಚ್ಚಿಹೋದವನು. ಇಲ್ಲಿ ಎಲ್ಲರಿಗೂ ಚೆನ್ನಾಗಿ ಅಭ್ಯಂಜನ ಮಾಡಿಸಿ ಬರಿಮೈಯಲ್ಲಿ ನಿಲ್ಲಿಸಿದ್ದರು.

“ಇಷ್ಟ್ ವರ್ಸ ಕೈಮುಗ್ದಿವ್ನಿ, ಮೊಕವ ನೋಡೇ ಇಲ್ವಲ್ಲ ಕಣ್ಲಾ!”

ಚಂದಕವಾಡಿ ಕಡೆಯಿಂದ ಬಂದ ಕಲ್ಲು ಎರಡು ಅಂತ ಸಾಬರು ತೋರಿಸಿದರು. ಒಂದರಲ್ಲಿ ದಪ್ಪ ಮೀಸೆಯ, ಕತ್ತಿ ಎತ್ತಿದ ವೀರ. ಇನ್ನೊಂದನ್ನು ಅತ್ತೆ ತಿರುಗಿಯೂ ನೋಡಲಿಲ್ಲ. “ಇವ್ನೇ ಬುಡು. ನಿಮ್ಮಾವನ ಮೀಸೇನೇ!” ಅಂದರು. ನಾನು ಚಪ್ಪಲಿ ಬಿಟ್ಟು, ಪತ್ರಿಕೆಯ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ತಟ್ಟೆಯಲ್ಲಿ ಎಲೆಅಡಿಕೆ, ಪಂಚೆ, ಶಲ್ಯ ಇಟ್ಟುಕೊಂಡು, “ನಮ್ಮನೆ ಮದ್ವೆ, ಮುಂದಾಗಿ ಬಂದು ನಡೆಸಿಕೊಡಪ್ಪ” ಅಂತ ಗಂಭೀರವಾಗಿ ಕರೆದೆ. ಆಚೆ ನಿಂತಿದ್ದ ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು. ನನಗೂ ಕಿವಿ ಬಿಸಿಯಾಯಿತು. ಪಂಚೆ ಕೊಡುವಾಗ ಮಾತ್ರ, ನಮ್ಮವರಿಗೇ ಕೊಡುತ್ತಿದ್ದೇನೆ ಅನ್ನುವ ಭಾವನೆ ನಿಜಕ್ಕೂ ಬಂತು.

ಹಿಂದಿನಿಂದ ಅತ್ತೆಯ ದನಿ ಕೇಳಿತು. “ಅಯ್ಯೋ, ಕೆಟ್ಟೆ ಕಣ್ಲಾ!”

ಅವರು ಇನ್ನೊಂದು ಕಲ್ಲಿನ ಮುಂದೆ ನಿಂತಿದ್ದರು. ಅದರ ಬಲಗಡೆಯ ಮೇಲ್ಮೂಲೆ ಮುರಿದುಹೋಗಿತ್ತು. ಹಿಂದೊಮ್ಮೆ ಮಾವ ಹೊಸ ಟ್ರ್ಯಾಕ್ಟರಿನ ಹುರುಪಿನಲ್ಲಿ ರಿವರ್ಸ್ ತಗೊಂಡು ಈರಪ್ಪನಿಗೆ ಗುದ್ದಿ, ಆ ಮೂಲೆ ಮುರಿದು, ತಪ್ಪುಕಾಣಿಕೆ ಕೊಟ್ಟ ಕಥೆ ನಮ್ಮ ನೆಂಟರಲ್ಲಿ ಯಾರೂ ಮರೆತಿಲ್ಲ. ನಾನು ಕರೆದದ್ದು ಯಾರೋ ಬೇರೆ ಮನೆಯವನನ್ನು. ಈರಪ್ಪ ಇವನು.

ಆದರೆ ಈ ಕಲ್ಲಿನಲ್ಲಿ ಮೀಸೆ ಇರಲಿಲ್ಲ. ಕತ್ತಿಯೂ ಇರಲಿಲ್ಲ. ನಡುವೆ ಕೆತ್ತಿದ ಕಂಬದಿಂದ ಒಂದು ತೋಳು ಹೊರಟು, ಮೊಣಕೈಯಲ್ಲಿ ಮೇಲಕ್ಕೆ ಮಡಿಸಿ, ಅಂಗೈ ತೆರೆದಿತ್ತು. ಮಣಿಕಟ್ಟಿನ ತುಂಬ ಬಳೆ.

“ಇದು ಮಾಸ್ತಿಕಲ್ಲಮ್ಮ” ಅಂದರು ಸಾಬರು. “ಗಂಡ ಸತ್ತ ಅಂತ ಜೊತೇಲೇ ಸತ್ತ ಎಂಗ್ಸಿಗೆ ಆಗಿನ ಕಾಲದೋರು ನೆಡ್ತಿದ್ದ ಕಲ್ಲು.”

ಮನೆತನದ ಗಂಡಸರೆಲ್ಲ ಒಂದು ಹೆಣ್ಣಿಗೆ ಪಂಚೆ ಉಡಿಸಿ ಬೀಡಿ ಕೊಟ್ಟುಕೊಂಡು ಬಂದಿದ್ದರು! ಅವಳ ಹತ್ತಿರ ಹೆಂಗಸರು ಸುಳಿಯಬಾರದು ಅಂತ ಕಟ್ಟಳೆ ಬೇರೆ. ನನಗೆ ನಗು ತಡೆಯಲಾಗಲಿಲ್ಲ, ಸಾಬರೂ ನಕ್ಕರು. ಅತ್ತೆಯಂತೂ ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೂ ಆ ನೀರು ನಿಲ್ಲಲಿಲ್ಲ.

ನಾನು ಮೀಸೆಯವನ ಮುಂದಿದ್ದ ತಟ್ಟೆ ಎತ್ತಿಕೊಂಡು ಬಂದೆ. ಅತ್ತೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು. ಪಂಚೆ ಶಲ್ಯ ನನ್ನ ಹೆಗಲಿಗೆ ಹಾಕಿ, ಚೀಲದಿಂದ ಹಸಿರು ಬಳೆಗಳನ್ನು ತೆಗೆದು ತಟ್ಟೆಯಲ್ಲಿಟ್ಟು, ಇನ್ನೊಂದು ಪತ್ರಿಕೆಗೆ ಅರಿಶಿನ ಹಚ್ಚಿ, ಕಲ್ಲಿನ ಹತ್ತಿರಕ್ಕೆ ಹೋಗಿ ನಿಂತರು. ಇಲ್ಲಿ ತಡೆಯಲು ಬದು ಇರಲಿಲ್ಲ.

“ಅವ್ವಾ, ನೀನು ಗಂಡನ ಜೊತ್ಗೆ ಒಂಟೋದೆ. ನಾನು ಉಳ್ಕಂಡಿವ್ನಿ. ಉಳ್ಕಂಡು ಮಗ್ಳ ಮದ್ವೆ ಮಾಡ್ತಿವ್ನಿ. ಬಂದು ಒಟ್ಟೆ ತುಂಬ ಉಂಡ್ಕಂಡೋಗವ್ವ.”

ಸಾಬರು ಕಲ್ಲಿಗೆ ಬಳೆ ತಾಗುತ್ತಿದೆ ಅಂತ ಹೇಳಲಿಲ್ಲ. ಅತ್ತೆ ಮುಂದಿನ ಪತ್ರಿಕೆಯನ್ನು ಅವರಿಗೇ ಕೊಟ್ಟರು, “ಮನೆಯೋರ್ನೂ ಕರ್ಕಂಡ್ ಬರ್ಬೇಕು” ಅಂತ ಒತ್ತಾಯ ಮಾಡಿ.

“ಆ ಮೀಸೆಯವನನ್ನ ಏನು ಮಾಡೋದು ಅತ್ತೆ? ಕರೆದಾಗಿದೆಯಲ್ಲ” ಅಂದೆ ಹೊರಗೆ ಬಂದು.

“ಬರ್ಲಿ ಬುಡು. ಒಂದೆಲೆ ಎಚ್ಗೆ ಆಕುದ್ರಾಯ್ತು.”

ವಾಪಸು ಬರುವಾಗ ಅತ್ತೆ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ತೆರಕಣಾಂಬಿ ದಾಟಿದ ಮೇಲೆ, ನಾನು ತೂಕಡಿಸುತ್ತಿದ್ದಾಗ, ಮೆಲ್ಲಗೆ ತಿವಿದರು. “ನಿಮ್ಮಪ್ಪಂಗೆ ಯೋಳ್ಬುಡ್ಲಾ. ಧಾರೆ ತಂಬಿಗೆ ನಾನೇ ಇಡ್ಕತೀನಿ.”

ಬೆಟ್ಟ ಆ ಸಲ ನೋಡಲಾಗಲಿಲ್ಲ. ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಎರಡು ಎಲೆಗಳ ಮುಂದೆ ಯಾರೂ ಕೂರಲಿಲ್ಲ. ಒಂದರ ಪಕ್ಕ ಹಸಿರು ಬಳೆ, ಇನ್ನೊಂದರ ಪಕ್ಕ ಸಾಬರು ಮರೆಯದೆ ತಂದಿದ್ದ ಬೀಡಿಕಟ್ಟು. ಈರಪ್ಪನ ಪಂಚೆ ನಾನು ಉಟ್ಟಿದ್ದೆ. ಧಾರೆಯ ಹೊತ್ತಿಗೆ ನೆಂಟರಲ್ಲಿ ಯಾರೋ ಗೊಣಗಿದರು, ನನ್ನಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅತ್ತೆ ಬಳೆಯಿಲ್ಲದ ಕೈಯಲ್ಲಿ ತಂಬಿಗೆ ಎತ್ತಿ ನೀರೆರೆದರು.