ತೋಳದ ಪಾಲಿಗೆ ಒಂಬತ್ತು ಠಾಣೆಗಳು

ಇಂದಿಗೆ ಎಂಟು ವರ್ಷಗಳ ಹಿಂದೆ, ನಿವೃತ್ತಿಗೆ ಇನ್ನು ಮೂರು ವರ್ಷ ಇರುವಾಗ, ಬ್ರಿಗೇಡಿಯರ್ ಆಗಿದ್ದ ನನ್ನನ್ನು ದಿಲ್ಲಿಯ ಒಂದು ಯೋಜನಾ ವಿಭಾಗಕ್ಕೆ ಹಾಕಿದರು. ದೇಶದ ಮುಂದಿನ ಇಪ್ಪತ್ತು ವರ್ಷಗಳ ರಕ್ಷಣೆ ಹೇಗಿರಬೇಕೆಂದು ಬರೆದಿಡುವುದು ಅಲ್ಲಿಯ ಕೆಲಸ. ಅದನ್ನು ಪರ್ಸ್‌ಪೆಕ್ಟಿವ್ ಪ್ಲಾನ್ ಎನ್ನುತ್ತಾರೆ. ಐದು ಜನ ಅಧಿಕಾರಿಗಳು, ಸೋರುವ ಏರ್ ಕಂಡೀಷನರ್ ಕೆಳಗೆ ಬಕೆಟ್ ಇಟ್ಟುಕೊಂಡು, ಮುಂದಿನ ಪೀಳಿಗೆಯ ಯುದ್ಧವನ್ನು ಗೆಲ್ಲುತ್ತಿದ್ದೆವು. ಬಕೆಟ್ ಯಾರು ಚೆಲ್ಲಬೇಕೆಂಬುದು ಮಾತ್ರ ನಾನಿರುವ ತನಕ ಇತ್ಯರ್ಥವಾಗಲಿಲ್ಲ.

ಗುಟ್ಟಿನ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ, ಅಂಕಿಗಳನ್ನೂ ತುಸು ಬದಲಿಸಿದ್ದೇನೆ. ಹೊಸ ದಳ ಕಟ್ಟಲು ಮಂದಿ ಬೇಕಾಗಿತ್ತು. ಗುಡ್ಡಗಾಡಿನ ಗಡಿಯಲ್ಲಿ ಒಂಬತ್ತು ಸಣ್ಣ ಠಾಣೆಗಳನ್ನು ನಾನು ಆರಿಸಿ, ಪ್ರತಿಯೊಂದರಲ್ಲೂ ಮೂವತ್ತು ಜವಾನರು ಇದ್ದಲ್ಲಿ ಹನ್ನೊಂದು ಎಂದು ಬರೆದೆ. ಯುದ್ಧವಾದರೆ ಆ ಹನ್ನೊಂದು ಮಂದಿ ಎರಡು ದಿನ ಶತ್ರುವನ್ನು ತಡೆಯಬೇಕು. ಅಷ್ಟರಲ್ಲಿ ಹಿಂದಿನ ಸಾಲು ಸಜ್ಜಾಗುತ್ತದೆ. ಮೂರನೆಯ ದಿನಕ್ಕೆ ನನ್ನ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಆ ಭಾಗಕ್ಕೆ ನಾನು ಕೊಟ್ಟ ಶೀರ್ಷಿಕೆ ‘ತೋಳದ ಪಾಲು.’ ನಮ್ಮೂರು ಔರಾದ ಶಹಾಜನಿಯ ಹತ್ತಿರ. ಅಲ್ಲಿ ಬೀರಪ್ಪ ದೇವರ ಒಕ್ಕಲಿನ ಕುರಿಗಾರರು ತೋಳ ಒಯ್ದ ಕುರಿಗೆ ಹಾಗೆ ಹೇಳುತ್ತಾರೆ. ಹೋದದ್ದಕ್ಕೆ ಅಳುವುದಿಲ್ಲ, ಅದರ ಪಾಲು ಅದು ಒಯ್ತು ಎನ್ನುತ್ತಾರೆ. ಮೇಲಧಿಕಾರಿ ಆ ಮಾತನ್ನು ಎರಡು ಸಲ ಓದಿ, ಇದು ಮಣ್ಣಿನ ವಿವೇಕ ಎಂದರು. ನಾನೂ ವಿನಯದಿಂದ ಒಪ್ಪಿಕೊಂಡೆ.

ಕರಡು ಸಹಿಗೆ ಹೋಗುವ ಮುನ್ನ ಹತ್ತು ದಿನ ರಜೆ ಸಿಕ್ಕಿತು. ಊರಿಗೆ ಬಂದಾಗ ಕುರಿಗಾರ ಮಾಳಪ್ಪ ಕಾಕಾ ನಮ್ಮ ಹೊಲದಲ್ಲಿ ಹಟ್ಟಿ ಹಾಕಿದ್ದರು. ಗೊಬ್ಬರಕ್ಕೆಂದು ಅವರ ಕುರಿ ನಮ್ಮ ಹೊಲದಲ್ಲಿ ನಿಲ್ಲುವುದು ಅಪ್ಪನ ಕಾಲದ ರೂಢಿ.

“ಕಾಕಾ, ನಿಮ್ಮ ತ್ವಾಳದ ಪಾಲು ದಿಲ್ಲಿಗಿ ಒಯ್ದೀನಿ,” ಎಂದೆ.

“ಯಾಕ್ರೀ ಸಾಹೇಬ್ರ, ದಿಲ್ಲ್ಯಾಗ ತ್ವಾಳ ಕಮ್ಮಿ ಬಿದ್ದಾವೇನು?”

ಊರು, ಹೆಸರು ಹೇಳದೆ, ನೆಲದ ಮೇಲೆ ಹರಳಿಟ್ಟು ಠಾಣೆಗಳ ಲೆಕ್ಕ ತಿಳಿಸಿದೆ. ಹಟ್ಟಿ ಉಳಿಯಬೇಕು, ಅದಕ್ಕೇ ಕೆಲವನ್ನು ಮೊದಲೇ ಹೊರಗೆ ಇಟ್ಟಿದ್ದೇವೆ ಎಂದೆ. ಉಣ್ಣೆ ನೂಲುತ್ತಿದ್ದ ಅವರ ಕೈ ನಿಂತಿತು.

“ಯಾವ ಕುರಿ ಹೋಗ್ತದ ಅಂತ ನಮಗ ಗೊತ್ತಿರಂಗಿಲ್ರೀ. ಅದಕ್ಕೇ ಪಾಲು ಅಂತೀವಿ. ತ್ವಾಳ ಬಂತಂದ್ರ ಎಲ್ಲಾ ಕುರಿ ಸಲುವಾಗಿ ಬಡಿಗಿ ಹಿಡದು ಓಡ್ತೀವಿ. ನೀವು ಮೊದಲೇ ಗುರ್ತ ಮಾಡಿ ಕಟ್ಟೀರಿ. ಅದು ಪಾಲು ಅಲ್ರೀ, ಬಲಿ.” ಕದಿರು ಕೆಳಗಿಟ್ಟು ಮತ್ತೆ ಹೇಳಿದರು: “ಬಲಿ ಕೊಡಾಗೂ ಕುರಿ ಮ್ಯಾಲ ನೀರು ಹಾಕಿ, ಅದು ಮೈ ಕೊಡವಿ ಝಾಡಿಸೋ ತನಕ ಕಾಯ್ತೀವಿ. ಝಾಡಿಸ್ತಂದ್ರ ಒಪ್ಪಿದಂಗ. ನೀವು ಆ ಮಂದೀಗಿ ಕೇಳೀರೇನು?”

ದಿಲ್ಲಿಗೆ ಮರಳಿದಾಗ ಕರಡು ಇನ್ನೂ ನನ್ನ ಮೇಜಿನ ಮೇಲೇ ಇತ್ತು. ಮೂರು ದಿನ ಅವಕಾಶವಿತ್ತು. ಹನ್ನೊಂದನ್ನು ಹೊಡೆದು ಮೂವತ್ತು ಬರೆಯಬಹುದಿತ್ತು, ಇಲ್ಲವೇ ಹಿಂದೆ ಸರಿಯುವ ದಾರಿಯನ್ನಾದರೂ ಸೇರಿಸಬಹುದಿತ್ತು. ನನ್ನನ್ನು ತಡೆದವರು ಯಾರೂ ಇರಲಿಲ್ಲ. ನಾನು ಮಾಡಿದ್ದು ಇಷ್ಟೇ: ‘ತೋಳದ ಪಾಲು’ ಹೊಡೆದು, ‘ಎಕಾನಮಿ ಆಫ್ ಫೋರ್ಸ್’ ಎಂದು ಬರೆದೆ. ಬಲವನ್ನು ಮಿತವಾಗಿ ಬಳಸುವುದು ಎಂದು ಅದರ ಅರ್ಥ. ಅಂಕಿಗಳು ಹಾಗೇ ಉಳಿದವು. ಮೊದಲಿನ ಶೀರ್ಷಿಕೆಯೇ ಚೆನ್ನಾಗಿತ್ತಲ್ಲ ಎಂದು ಮೇಲಧಿಕಾರಿ ಮರುಗಿದರು. ಯೋಜನೆ ಪಾಸಾಯಿತು.

ಯುದ್ಧವೇನೂ ಆಗಲಿಲ್ಲ. ನಿವೃತ್ತನಾಗಿ ನಮ್ಮೂರ ಹತ್ತಿರದ ನಿಲಂಗಾದಲ್ಲಿ ಮನೆ ಮಾಡಿದ್ದೇನೆ. ಟಿವಿಯಲ್ಲಿ ಗಡಿಯ ಸುದ್ದಿ ಬಂದರೆ ಚಾನೆಲ್ ಬದಲಿಸುತ್ತೇನೆ. ನಾನು ಶಾಂತಿಪ್ರಿಯನಾದೆನೆಂದು ಮನೆಯವರು ತಿಳಿದಿದ್ದಾರೆ.

ಹೋದ ವರ್ಷ ಮಾಳಪ್ಪ ಕಾಕಾ ಮೊಬೈಲ್ ಹಿಡಿದುಕೊಂಡು ಬಂದರು. ಅವರ ತಮ್ಮನ ಮಗ ಸಿದ್ದು ಸೇನೆ ಸೇರಿ ಆರು ವರ್ಷವಾಗಿದೆ. ಅವನಿಗೆ ಗಡಿಯ ಒಂದು ಎತ್ತರದ ಠಾಣೆಗೆ ಪೋಸ್ಟಿಂಗ್ ಆಗಿತ್ತು.

“ಭಾಳ ಮಂದಿ ಇಲ್ಲಂತ್ರೀ,” ಎಂದರು ಕಾಕಾ. “ಹನ್ನೊಂದೇ ಮಂದಿ ಅದಾರಂತ. ಪಾಳಿ ಮ್ಯಾಲ ಅಡಗಿ ಮಾಡ್ಕೊತಾರಂತ.”

ಹನ್ನೊಂದು ಮಂದಿಯ ಠಾಣೆಗಳು ಬೇರೆಯೂ ಇರಬಹುದು. ನನಗೆ ಗೊತ್ತಿರುವುದು ಒಂಬತ್ತು. ಎಲ್ಲಿ ಎಂದು ಕೇಳಲಿಲ್ಲ, ಕೇಳಿದ್ದರೆ ಗೊತ್ತಾಗಿಬಿಡುತ್ತಿತ್ತು.

“ಜಾಗಾ ಛಲೋ ಅದ ಅಲ್ರೀ? ನಿಮಗ ಗೊತ್ತಿರ್ತದ.”

“ಛಲೋ ಅದ, ಕಾಕಾ.”

ನನ್ನ ವೃತ್ತಿ ನನಗೆ ಕಲಿಸಿದ್ದನ್ನು ತರಬೇತಿ ಶಾಲೆಗಳಲ್ಲಿ ಹೇಳಲು ಈಗ ಯಾರೂ ಕರೆಯುವುದಿಲ್ಲ, ಇಲ್ಲೇ ಹೇಳುತ್ತೇನೆ. ಇಪ್ಪತ್ತು ವರ್ಷದ ಯೋಜನೆ ಬರೆಯುವವನು ಅಂಕಿಯ ಪಕ್ಕದಲ್ಲಿ ತನಗೆ ಗುರುತಿರುವ ಒಬ್ಬನ ಹೆಸರು ಬರೆದು, ಆಮೇಲೆ ಸಹಿಗೆ ಕಳಿಸಬೇಕು. ಹೆಸರು ಬರೆದ ಮೇಲೂ ತಿದ್ದಬೇಕೆನಿಸದಿದ್ದರೆ, ಆ ಅಂಕಿ ಸರಿ ಇರಬಹುದು.

ಕಾಕಾ ಮೊಬೈಲ್ ನನ್ನ ಮುಂದೆ ಹಿಡಿದರು. ಕೆಳಗಿನ ಕ್ಯಾಂಪಿಗೆ ಇಳಿದಾಗ ಸಿದ್ದು ಕಳಿಸಿದ ವಿಡಿಯೊ. ಯಾರೋ ಗೆಳೆಯ ಅವನ ತಲೆಯ ಮೇಲೆ ಬೊಗಸೆ ಹಿಮ ಸುರಿದ. ಸಿದ್ದು ನಗುತ್ತಾ, ತಲೆಯಿಂದ ಕಾಲಿನವರೆಗೂ ಮೈ ಕೊಡವಿದ.

“ಹೆಂಗ ಝಾಡಿಸ್ಲಕತ್ಯಾನ ನೋಡ್ರೀ!” ಎಂದು ನಕ್ಕ ಕಾಕಾ, ಮರುಗಳಿಗೆ ನಗು ನಿಲ್ಲಿಸಿ, ನನ್ನ ಮುಖ ನೋಡಿದರು.