ಇಸ್ತ್ರಿ ಅಕ್ಕನ ಕಾಲು

ಮೊನ್ನೆ ನರಸೀಪುರದಲ್ಲಿ ಕಾಫಿಪುಡಿ ಮಾಡಿಸಲು ನಿಂತಿದ್ದೆ. ಬಿಸಿ ಪುಡಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಅಂಗಡಿಯಿಂದ ಹೊರಗೆ ಬಂದುಬಿಟ್ಟೆ. ಕಾಫಿ ವಾಸನೆಗೆ ರಕ್ತ ನೆನಪಾಗುತ್ತದೆ ಅಂತ ಯಾರಿಗೆ ಹೇಳಲಿ...

ನಾನು ನಂಜನಗೂಡಿನಲ್ಲಿ ಟೀಚರ್ ಆಗಿದ್ದಾಗ ನಮ್ಮ ವಠಾರದ ಬಾಗಿಲಲ್ಲೇ ಇಸ್ತ್ರಿ ಅಕ್ಕನ ಗಾಡಿ. ಬೆಳಗ್ಗೆ ಕೆಂಡ ತುಂಬಿದರೆ ಸಂಜೆವರೆಗೂ ನಿಂತೇ ಇರುತ್ತಿದ್ದಳು. ಸ್ಟೂಲು ತಂದುಕೊಟ್ಟೆ. ಅದರ ಮೇಲೆ ಬಟ್ಟೆ ಗಂಟು ಇಟ್ಟಳು, ಮಹಾತಾಯಿ! ಅವಳಿಗೆ ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ನಾನು ಮದುವೆಯೇ ಆಗಿರಲಿಲ್ಲ. ಇಬ್ಬರೂ ಒಂಟಿ ಪಿಶಾಚಿಗಳೇ.

ಒಂದು ದಿನ ಸೀರೆ ಸರಿಸಿ ಕಾಲು ತೋರಿಸಿದಳು. ಮೀನಖಂಡದ ನರ ಹುರಿಹಗ್ಗದ ಹಾಗೆ ಸುತ್ತಿಕೊಂಡು ಉಬ್ಬಿತ್ತು. ಪಾದದ ಗಂಟಿನ ಹತ್ತಿರ ಚರ್ಮ ಕಪ್ಪಗಾಗಿತ್ತು.

"ಸಂಜೆ ಆದ್ರೆ ಕಲ್ ಕಟ್ದಂಗೆ ಭಾರ ಟೀಚ್ರಮ್ಮ. ಮೈಸೂರ್ ಆಸ್ಪತ್ರೆಗೆ ಒಬ್ಳೇ ಓಗಕ್ಕೆ ಭಯ. ಜೊತೇಲಿ ಬತ್ತೀರಾ?"

"ಪರೀಕ್ಷೆ ಮುಗೀಲಿ ಕಣಕ್ಕ, ಹೋಗೋಣ" ಅಂದೆ.

ಪರೀಕ್ಷೆ ಮುಗಿಯಿತು. ಪೇಪರ್ ತಿದ್ದುವುದು ಬಂತು, ಆಮೇಲೆ ಚುನಾವಣೆ ಡ್ಯೂಟಿ. ಕಪ್ಪಗಿದ್ದ ಜಾಗ ಹುಣ್ಣಾಯಿತು, ಅರಿಶಿನ ಮೆತ್ತಿಕೊಂಡಳು. ಅವಳು ಮತ್ತೆ ಕೇಳಲಿಲ್ಲ. ನಾನಾಗಿ ಮಾತು ತೆಗೆಯಲೂ ಇಲ್ಲ.

ಒಂದು ಮಧ್ಯಾಹ್ನ ನಿಂತಲ್ಲೇ ಆ ನರ ಒಡೆಯಿತು. ನಾನೇ ಓಡಿಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿದೆ. ಗಾಯಕ್ಕೆ ಕಾಫಿಪುಡಿ ಮೆತ್ತುವುದು ನಮ್ಮ ಕಡೆಯ ಮನೆಮದ್ದಲ್ಲವೇ, ನಾನೇ ಡಬ್ಬ ತಂದು ಸುರಿದೆ. ಕಾಲು ಕೆಳಗೆ ಜೋತಾಡುತ್ತಿತ್ತು. ಪುಡಿಯೆಲ್ಲ ರಕ್ತದಲ್ಲಿ ನೆನೆದು ಇಳಿಯಿತು.

"ಬಟ್ಟೆ ಸುಟ್ಟೋಯ್ತದೆ ಟೀಚ್ರಮ್ಮ, ಪೆಟ್ಗೆ ಎತ್ತಿಡಿ..." ಅಂದಳು. ಆಟೋ ಬರುವ ಹೊತ್ತಿಗೆ ಉಸಿರು ನಿಂತಿತ್ತು.

ಮಲಗಿಸಿ, ಕಾಲು ಮೇಲೆತ್ತಿ, ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಬೇಕಿತ್ತು ಎಂದು ಡಾಕ್ಟರು ಹೇಳಿದರು. ನರ ಉಬ್ಬಿದಾಗಲೇ ತೋರಿಸಿದ್ದರೆ ಅದೂ ಬೇಕಿರಲಿಲ್ಲವಂತೆ. ಆ ಮಾತು ಇವತ್ತಿಗೂ ನನ್ನನ್ನು ತಿನ್ನುತ್ತದೆ.

ಈಗ ನನ್ನ ಎಡಗಾಲಲ್ಲೂ ನೀಲಿ ನರ ಎದ್ದಿದೆ. ಈ ಸಲ ತಡ ಮಾಡಲಿಲ್ಲ, ಹೋದ ವಾರವೇ ಮೈಸೂರಿಗೆ ಹೋದೆ. ರಕ್ತವನ್ನು ಮೇಲಕ್ಕೆ ಕಳಿಸುವ ನರದೊಳಗಿನ ಕವಾಟ ಸಡಿಲವಾಗಿದೆ, ಅದಕ್ಕೇ ರಕ್ತ ಕಾಲಲ್ಲೇ ನಿಲ್ಲುತ್ತಿದೆ, ಬೇಗ ಬಂದಿದ್ದೀರಿ, ಸಣ್ಣ ಚಿಕಿತ್ಸೆ ಸಾಕು ಅಂದರು ಡಾಕ್ಟರು. ನರ್ಸ್ ಚೀಟಿ ಬರೆಯುತ್ತಾ ಕೇಳಿದಳು:

"ಚಿಕಿತ್ಸೆ ದಿನ ನಿಮ್ ಜೊತೆ ಯಾರು ಬರ್ತಾರೆ ಮೇಡಂ?"

ಕರೆದ ತಕ್ಷಣ ಗಾಡಿ ಮುಚ್ಚಿ ಬಂದುಬಿಡುತ್ತಿದ್ದವಳು ಇಸ್ತ್ರಿ ಅಕ್ಕ ಒಬ್ಬಳೇ.