ಗಂಟು ಬಿಚ್ಚದ ಕವರು

ಚನ್ನರಾಯಪಟ್ಟಣದ ನಮ್ಮ ಹಿತ್ತಲಿನಲ್ಲಿ ಪಶುವೈದ್ಯರು ನಮ್ಮ ಹಸು ಗೌರಿಯ ಹೊಟ್ಟೆ ಕೊಯ್ದು, ಒಳಗಿನಿಂದ ಪ್ಲಾಸ್ಟಿಕ್ ಕವರುಗಳನ್ನು ಎಳೆದು ಹಾಕುತ್ತಿದ್ದರು. ನೋಡುತ್ತಾ ನಿಂತಿದ್ದ ಪಕ್ಕದ ಮನೆಯ ಸಾವಿತ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಅಯ್ಯೋ, ಯಾವ ಪಾಪಿಗಳು ಎಸುದ್ರೋ ಕಣಕ್ಕಾ!”

ಗೌರಿ ಹೇಗೋ ಉಳಿದುಕೊಂಡಿತು. ಹೊಲಿಗೆ ಮಾಯ್ದ ಮೇಲೆ ಮೊದಲ ಸಲ ಅದನ್ನು ಬೀದಿಗೆ ಬಿಟ್ಟಾಗ, ಇದೇ ಸಾವಿತ್ರಮ್ಮ ಅಕ್ಕರೆಯಿಂದ ಮಿಕ್ಕ ಅನ್ನದ ಕವರನ್ನು ಗಂಟು ಸಮೇತ ಅದರ ಮುಂದೆ ಎಸೆದರು. ನಾನು ಓಡಿಹೋಗಿ ಕಿತ್ತುಕೊಂಡೆ.

“ಗಂಟಾದ್ರೂ ಬಿಚ್ಚಬಾರ್ದಾ?” ಎಂದು ಕಿರುಚಿದೆ.

“ಬಿಚ್ಚುದ್ರೆ ಕೈಯೆಲ್ಲಾ ಮುಸುರೆ ಆಯ್ತದೆ ಕಣಕ್ಕಾ. ಈಗ್ತಾನೆ ಪೂಜೆ ಮುಗಿಸಿವ್ನಿ!” ಎಂದರು ಸಾವಿತ್ರಮ್ಮ.

ಅಂದಿನಿಂದ ದಿನಾ ಬೆಳಿಗ್ಗೆ ನಾನೇ ಬಕೆಟ್ ಹಿಡಿದು ಮನೆಮನೆಗೆ ಹೋಗಿ ಮಿಕ್ಕಿದ್ದನ್ನು ಇಸಿದುಕೊಳ್ಳುತ್ತೇನೆ. ಅರ್ಧ ಜನ ಅದನ್ನೂ ಕವರಿನಲ್ಲೇ ಕಟ್ಟಿ ಬಕೆಟ್ಟಿಗೆ ಹಾಕುತ್ತಾರೆ.